ಎಂಟು ಥ್ರೆಡ್‌ಗಳಲ್ಲಿ ಓಡಿಸಿದರೆ ಒಂದೇ ಥ್ರೆಡ್‌ಗಿಂತ ನಿಧಾನ: ಲಾಕ್ ಇಲ್ಲದಿದ್ದರೂ ಹೀಗೇಕೆ?

ಪ್ರಶ್ನೆ: ದೊಡ್ಡ ಕನ್ನಡ ಪಠ್ಯಕಡತದಲ್ಲಿ ಒತ್ತಕ್ಷರಗಳನ್ನು ಎಣಿಸುವ ಸಿ++ ಪ್ರೋಗ್ರಾಂ ಬರೆದಿದ್ದೇನೆ. ಕಡತವನ್ನು ಎಂಟು ಭಾಗ ಮಾಡಿ, ಪ್ರತಿ ಥ್ರೆಡ್‌ಗೂ (ಏಕಕಾಲಕ್ಕೆ ಓಡುವ ಕೆಲಸದ ಎಳೆಗೂ) ಒಂದೇ ಅರೇಯಲ್ಲಿ 8 ಬೈಟ್‌ನ ಪ್ರತ್ಯೇಕ ಅಟಾಮಿಕ್ ಕೌಂಟರ್ (ಹಲವು ಥ್ರೆಡ್‌ಗಳು ಮುಟ್ಟಿದರೂ ಎಣಿಕೆ ತಪ್ಪದ ಕೌಂಟರ್) ಕೊಟ್ಟಿದ್ದೇನೆ. ಒಬ್ಬರ ಕೌಂಟರನ್ನು ಇನ್ನೊಬ್ಬರು ಮುಟ್ಟುವುದೇ ಇಲ್ಲ. ಆದರೂ ಒಂದು ಥ್ರೆಡ್‌ಗೆ 4 ಸೆಕೆಂಡು, ಎಂಟಕ್ಕೆ 11 ಸೆಕೆಂಡು ಹಿಡಿಯುತ್ತಿದೆ. ಯಂತ್ರ ಎಂಟು ಕೋರ್‌ಗಳ ಎಕ್ಸ್86, ಲಿನಕ್ಸ್.

ಉತ್ತರ: ನಿಮ್ಮ ಥ್ರೆಡ್‌ಗಳು ಕೌಂಟರನ್ನು ಹಂಚಿಕೊಂಡಿಲ್ಲ, ಕ್ಯಾಶ್ ಲೈನನ್ನು, ಎಂದರೆ ಕೋರಿನ ವೇಗದ ಕಿರುಮೆಮೊರಿಗೆ ಒಮ್ಮೆಗೆ ಬರುವ ತುಂಡನ್ನು, ಹಂಚಿಕೊಂಡಿವೆ. ಎಕ್ಸ್86 ಕೋರ್‌ಗಳು ಮೆಮೊರಿಯನ್ನು 64 ಬೈಟ್‌ಗಳ ಲೈನ್‌ಗಳಾಗಿಯೇ ತರುತ್ತವೆ; ನಿಮ್ಮ ಎಂಟು ಕೌಂಟರ್‌ಗಳು ಸೇರಿದರೆ ಸರಿಯಾಗಿ 64 ಬೈಟ್. ಒಂದು ಕೋರ್ ತನ್ನ ಕೌಂಟರಿಗೆ ಬರೆಯಬೇಕಾದರೆ ಇಡೀ ಲೈನ್ ಅದೊಂದರದೇ ಆಗಬೇಕು, ಎಂದರೆ ಉಳಿದ ಏಳು ಕೋರ್‌ಗಳ ಬಳಿ ಇರುವ ಪ್ರತಿಗಳು ಅಸಿಂಧುವಾಗಬೇಕು ಎಂಬುದು ಕೋರ್‌ಗಳ ಕ್ಯಾಶ್ ಪ್ರತಿಗಳನ್ನು ಹೊಂದಿಸಿಡುವ ಮೆಸಿ ಮಾದರಿಯ ಪ್ರೋಟೊಕಾಲ್‌ಗಳ ನಿಯಮ. ಹಾಗಾಗಿ ಒಂದೊಂದು ಹೆಚ್ಚಳಕ್ಕೂ ಆ ಲೈನ್ ಕೋರ್‌ನಿಂದ ಕೋರ್‌ಗೆ ಅಲೆಯುತ್ತದೆ. ಇದನ್ನು ಫಾಲ್ಸ್ ಶೇರಿಂಗ್ ಎನ್ನುತ್ತಾರೆ. ಊಹೆಯ ಮೇಲೆ ಕೋಡ್ ತಿದ್ದಬೇಡಿ. ಮೊದಲು ಲಿನಕ್ಸ್‌ನ ಅಳತೆ ಸಾಧನ ‘ಪರ್ಫ್ ಸಿ2ಸಿ’ಯಿಂದ ದಾಖಲಿಸಿ, ವರದಿಯಲ್ಲಿ ‘ಹಿಟ್ಎಮ್’ (ಬೇರೆ ಕೋರ್ ತಿದ್ದಿದ ಲೈನನ್ನು ಓದಬೇಕಾಗಿ ಬಂದ ಸಂದರ್ಭ) ಎಣಿಕೆ ಯಾವ ಲೈನಿನಲ್ಲಿ ಹೆಚ್ಚಿದೆ ಎಂದು ನೋಡಿ. ಅದು ಇದೇ ಅರೇಯ ವಿಳಾಸವಾಗಿದ್ದರೆ ‘ಅಲೈನ್ಆಸ್’ (ವಿಳಾಸ ಯಾವ ಸಂಖ್ಯೆಯ ಗುಣಕದಲ್ಲಿ ಆರಂಭವಾಗಬೇಕೆಂದು ಹೇಳುವ ಸಿ++ ಪದ) ಬಳಸಿ ಕೌಂಟರ್‌ಗಳನ್ನು ಬೇರ್ಪಡಿಸಿ.

ಮರುಪ್ರಶ್ನೆ: ವಿಳಾಸ ಅದೇ ಅರೇಯದ್ದು. ಆದರೆ ಅರೇಯ ಘೋಷಣೆಗೆ 64ರ ಅಲೈನ್ಆಸ್ ಸೇರಿಸಿದರೂ ಸಮಯ ಬದಲಾಗಲಿಲ್ಲ.

ಉತ್ತರ: ಅರೇಯ ಆರಂಭವನ್ನು ಮಾತ್ರ ನೀವು ಸರಿಹೊಂದಿಸಿದ್ದೀರಿ, ಇದರಿಂದ ಎಂಟೂ ಕೌಂಟರ್‌ಗಳು ಒಂದೇ ಲೈನಿನಲ್ಲಿ ಇರುವುದು ಖಚಿತವಾಯಿತು, ಅಷ್ಟೆ. ಕೌಂಟರನ್ನು ಒಂದು ಸ್ಟ್ರಕ್ಟ್‌ನೊಳಗಿಟ್ಟು ಆ ಸ್ಟ್ರಕ್ಟ್‌ಗೆ ಅಲೈನ್ಆಸ್ ಕೊಡಿ, ಆಗ ಪ್ರತಿ ಅಂಶದ ಗಾತ್ರವೇ 64 ಆಗುತ್ತದೆ. ಆಪಲ್ ಎಂ1ರಲ್ಲಿಯೂ ಓಡಿಸುವುದಾದರೆ 128 ಇಡಿ, ಅಲ್ಲಿ ಲೈನ್ ಅಷ್ಟು ಉದ್ದ. ಆದರೆ ನನ್ನ ಸಲಹೆ ಬೇರೆಯೇ ಇದೆ: ಪ್ರತಿ ಥ್ರೆಡ್ ತನ್ನ ಲೋಕಲ್ ಚರದಲ್ಲಿ, ಅಟಾಮಿಕ್ ಇಲ್ಲದೆಯೇ, ಎಣಿಸಿ ಕೊನೆಯಲ್ಲಿ ಒಮ್ಮೆ ಮಾತ್ರ ಅರೇಗೆ ಬರೆಯಲಿ. ಲೋಕಲ್ ಚರವನ್ನು ಕಂಪೈಲರ್ ಕೋರಿನೊಳಗಿನ ರಿಜಿಸ್ಟರಿನಲ್ಲೇ ಇಟ್ಟುಕೊಳ್ಳಬಲ್ಲದು. ಅಟಾಮಿಕ್ ಹೆಚ್ಚಳಕ್ಕೆ ಆ ಅನುಕೂಲವಿಲ್ಲ.

ಮರುಪ್ರಶ್ನೆ: ಅಟಾಮಿಕ್ ತೆಗೆದರೆ ಮುಖ್ಯ ಥ್ರೆಡ್‌ಗೆ ಹಳೆಯ ಮೌಲ್ಯ ಕಾಣುವ ಭಯವಿಲ್ಲವೇ?

ಉತ್ತರ: ‘ಜಾಯಿನ್’ (ಥ್ರೆಡ್ ಮುಗಿಯುವವರೆಗೆ ಕಾಯುವ ಕರೆ) ಮುಗಿದ ಮೇಲೆ ಓದುವುದಾದರೆ ಇಲ್ಲ. ಥ್ರೆಡ್ ಮಾಡಿದ ಎಲ್ಲ ಬರಹಗಳೂ ಜಾಯಿನ್‌ನಿಂದ ಹಿಂದಿರುಗಿದವರಿಗೆ ಕಾಣಲೇಬೇಕೆಂದು ಸಿ++ ಮೆಮೊರಿ ಮಾದರಿ ಖಾತರಿ ಕೊಡುತ್ತದೆ. ಎಣಿಕೆ ನಡೆಯುತ್ತಿರುವಾಗಲೇ ಪ್ರಗತಿ ತೋರಿಸಬೇಕಿದ್ದರೆ ಮಾತ್ರ ಅಟಾಮಿಕ್ ಬೇಕು.

ಪ್ರಶ್ನೆ ಕೇಳಿದವರು: ಲೋಕಲ್ ಚರಕ್ಕೆ ಬದಲಿಸಿದೆ. ಈಗ ಎಂಟು ಥ್ರೆಡ್‌ಗಳಿಗೆ 0.7 ಸೆಕೆಂಡು, ಮೊತ್ತವೂ ಒಂದೇ ಥ್ರೆಡ್‌ನ ಮೊತ್ತಕ್ಕೆ ತಾಳೆಯಾಗುತ್ತಿದೆ. ತುಂಬಾ ಧನ್ಯವಾದಗಳು.