ಕಿಣ್ವದ ಪಟ್ಟಿ ನೀಲಿಯಾಯಿತು, ಆದರೂ ನೀರಲ್ಲಿ ಕೀಟನಾಶಕ ಇದೆ: ಹೇಗೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ): ಮೇಡಂ, ಪ್ರಾಜೆಕ್ಟಿಗೆ ಕೀಟನಾಶಕ ಪತ್ತೆ ಮಾಡುವ ಕಿಣ್ವದ ಪಟ್ಟಿ ಬಳಸುತ್ತಿದ್ದೇವೆ. ಪಟ್ಟಿ ನೀಲಿಯಾದರೆ ವಿಷ ಇಲ್ಲ, ಬಿಳಿಯಾಗೇ ಉಳಿದರೆ ಇದೆ ಅಂತ ಡಬ್ಬಿ ಮೇಲೆ ಬರೆದಿದೆ. ಒಂದು ಬಾವಿ ನೀರಿಗೆ ಚೆನ್ನಾಗಿ ನೀಲಿ ಬಂತು. ಅದೇ ನೀರನ್ನು ರಾಸಾಯನಿಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ನೋಡಿದರೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಸಿಕ್ಕಿದೆ. ಯಾವುದನ್ನು ನಂಬೋದು?

ಉತ್ತರ: ಎರಡನ್ನೂ ನಂಬಬಹುದು. ಅವೆರಡೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ, ಅಷ್ಟೆ.

ನಿಮ್ಮ ಪಟ್ಟಿಯಲ್ಲಿರುವುದು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಇರಬೇಕು. ನಮ್ಮ ನರಗಳ ಸಂಧಿಯಲ್ಲಿ ಅಸಿಟೈಲ್‌ಕೋಲಿನ್ನನ್ನು ಕತ್ತರಿಸುವ ಕಿಣ್ವ ಅದು. ಪಟ್ಟಿಯಲ್ಲಿ ಅದಕ್ಕೆ ಕತ್ತರಿಸಲು ಇಂಡಾಕ್ಸಿಲ್ ಅಸಿಟೇಟ್‌ನಂಥದ್ದನ್ನು ಕೊಟ್ಟಿರುತ್ತಾರೆ. ಕತ್ತರಿಸಿದ ತುಂಡು ಗಾಳಿ ತಾಗಿ ನೀಲಿಯಾಗುತ್ತದೆ. ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕ ಬಂದರೆ, ಕಿಣ್ವದ ಕೆಲಸದ ಜಾಗದಲ್ಲಿರುವ ಸೆರೀನ್ ಎಂಬ ಅಮೈನೊ ಆಮ್ಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಬೀಸುವ ಕಲ್ಲಿಗೆ ಬೆಣಚುಕಲ್ಲು ಸಿಕ್ಕಿಕೊಂಡ ಹಾಗೆ ಕೆಲಸ ನಿಲ್ಲುತ್ತದೆ, ಬಣ್ಣ ಬರುವುದಿಲ್ಲ. ಅಂದರೆ ಪಟ್ಟಿ ನೋಡುವುದು ಕಿಣ್ವಕ್ಕೆ ಪೆಟ್ಟು ಬಿತ್ತೇ ಇಲ್ಲವೇ ಎಂಬುದನ್ನು ಮಾತ್ರ. ನೀರಲ್ಲಿ ಯಾವ ರಾಸಾಯನಿಕ ಇದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನು ಕ್ಲೋರ್‌ಪೈರಿಫಾಸ್ ವಿಷಯ. ಅದೂ ಆರ್ಗನೋಫಾಸ್ಫೇಟ್ ಗುಂಪಿನದೇ, ಆದರೆ ಅದರಲ್ಲಿ ರಂಜಕಕ್ಕೆ ಗಂಧಕ ಅಂಟಿಕೊಂಡಿದೆ. ಈ ರೂಪದಲ್ಲಿ ಅದು ಕಿಣ್ವವನ್ನು ತೀರಾ ದುರ್ಬಲವಾಗಿ ತಡೆಯುತ್ತದೆ. ಕೀಟದ ಮೈಯಲ್ಲೋ ನಮ್ಮ ಯಕೃತ್ತಿನಲ್ಲೋ ಗಂಧಕದ ಜಾಗಕ್ಕೆ ಆಮ್ಲಜನಕ ಬಂದು, ಅದು ಆಕ್ಸಾನ್ ಆದ ಮೇಲೇ ನಿಜವಾದ ವಿಷ. ಪ್ಯಾರಾಥಿಯಾನ್, ಮ್ಯಾಲಥಿಯಾನ್, ಡಯಾಜಿನಾನ್ ಎಲ್ಲದರದ್ದೂ ಇದೇ ಕಥೆ. ಪಟ್ಟಿಗೆ ಯಕೃತ್ತು ಇಲ್ಲವಲ್ಲ! ಹಾಗಾಗಿ ಮಾದರಿಗೆ ಮೊದಲೇ ಬ್ರೋಮಿನ್ ನೀರು ಅಥವಾ ಎನ್-ಬ್ರೋಮೋಸಕ್ಸಿನಿಮೈಡ್ ಹಾಕಿ ಆಕ್ಸಾನ್ ಮಾಡಿಕೊಳ್ಳುತ್ತಾರೆ. ಉಳಿದ ಬ್ರೋಮಿನ್ ಪೂರ್ತಿ ಹೋಗಲೇಬೇಕು, ಇಲ್ಲದಿದ್ದರೆ ಅದೇ ಕಿಣ್ವವನ್ನು ಕೆಡಿಸಿ ಪಟ್ಟಿಯನ್ನು ಬಿಳಿಯಾಗಿ ಉಳಿಸುತ್ತದೆ. ಹೋಲಿಕೆಗೆ ಶುದ್ಧ ನೀರಿಗೂ ಅದೇ ಉಪಚಾರ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ.

ಇನ್ನೊಂದು ಸಾಧ್ಯತೆಯೂ ಇದೆ. ನಿಮ್ಮ ನೀರಲ್ಲಿರುವ ಪ್ರಮಾಣ ಪಟ್ಟಿಗೆ ನಿಲುಕದಷ್ಟು ಕಡಿಮೆ ಇರಬಹುದು. ಕಣ್ಣಿಗೆ ಬಣ್ಣ ಪೇಲವವಾಗಿ ಕಾಣಬೇಕಾದರೆ ಕಿಣ್ವದ ಒಳ್ಳೆಯ ಪಾಲೇ ನಿಂತಿರಬೇಕು.

ಪ್ರಶ್ನೆ (ಇನ್ನೊಬ್ಬರು): ನಮಗೆ ಉಲ್ಟಾ ಆಗ್ತಿದೆ ಮೇಡಂ. ಯಾವ ಔಷಧಿಯನ್ನೂ ಹೊಡೆಯದ ತರಕಾರಿಯ ಸಾರಕ್ಕೂ ಪಟ್ಟಿ ಬಿಳಿ.

ಉತ್ತರ: ಸಾರ ತೆಗೆಯಲು ಏನು ಬಳಸಿದಿರಿ? ಅಸಿಟೋನೈಟ್ರೈಲ್ ಅಥವಾ ಮೆಥನಾಲ್ ಆದರೆ ಮೊದಲ ಅನುಮಾನ ಅದರ ಮೇಲೆ. ದ್ರಾವಕವನ್ನು ಆವಿಯಾಗಿಸಿ, ಉಳಿದದ್ದನ್ನು ಬಫರ್‌ನಲ್ಲಿ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ) ಕರಗಿಸಿ ನೋಡಿ. ನಲ್ಲಿ ನೀರು ಬಳಸಿದ್ದರೆ ಅದರ ಕ್ಲೋರಿನ್ ಸಾಕು ಕಿಣ್ವ ಕೆಡಲು. ಪಾದರಸ, ತಾಮ್ರದಂಥ ಲೋಹಗಳೂ ಅಡ್ಡ ಬರುತ್ತವೆ. ತಣ್ಣಗಿನ ಕೋಣೆಯಲ್ಲಿ ಕಿಣ್ವ ನಿಧಾನವಾಗಿ ಬಣ್ಣ ತೋರುವುದನ್ನೂ ಕೆಲವರು ವಿಷ ಎಂದು ಓದಿಬಿಡುತ್ತಾರೆ. ಅಂದಹಾಗೆ ತರಕಾರಿ ಆಲೂಗೆಡ್ಡೆಯೇನಾದರೂ ಆಗಿದ್ದರೆ, ಅದರ ಸಿಪ್ಪೆ ಮತ್ತು ಮೊಳಕೆಯಲ್ಲಿರುವ ಸೋಲನಿನ್ ತಾನೇ ಕೋಲಿನ್‌ಎಸ್ಟರೇಸನ್ನು ತಡೆಯುತ್ತದೆ. ಗಿಡವೇ ಮಾಡಿಕೊಂಡ ಕೀಟನಾಶಕ ಅನ್ನಿ! ಪಟ್ಟಿಯ ದೃಷ್ಟಿಯಲ್ಲಿ ಅದಕ್ಕೂ ಕಾರ್ಖಾನೆಯ ವಿಷಕ್ಕೂ ಭೇದವಿಲ್ಲ.

ಪ್ರಶ್ನೆ: ಗ್ಲೂಕೋಸ್ ಮೀಟರ್ ಕೂಡ ಕಿಣ್ವದ ಸೆನ್ಸರೇ ಅಲ್ವಾ? ಅಲ್ಲಿ ಇಂಥ ತಲೆನೋವಿಲ್ಲ.

ಉತ್ತರ: ಹೌದು, ಆ ಮನೆತನದ ಹಿರಿಯ ಅದು. 1962ರಲ್ಲಿ ಕ್ಲಾರ್ಕ್ ಮತ್ತು ಲಯಾನ್ಸ್ ಗ್ಲೂಕೋಸ್ ಆಕ್ಸಿಡೇಸನ್ನು ಎಲೆಕ್ಟ್ರೋಡಿಗೆ ಜೋಡಿಸುವ ದಾರಿ ತೋರಿಸಿದರು. ಅಲ್ಲಿ ಅಳೆಯುವ ವಸ್ತುವೇ ಕಿಣ್ವದ ಆಹಾರ, ಅದು ಹೆಚ್ಚಿದಷ್ಟೂ ಸಂಕೇತ ಹೆಚ್ಚು. ವಿಷಕ್ಕೂ ಹಾಗೆ ಮಾಡಬಹುದು. ಆರ್ಗನೋಫಾಸ್ಫರಸ್ ಹೈಡ್ರೊಲೇಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವ ಪ್ಯಾರಾಥಿಯಾನನ್ನು ಒಡೆದು ಹಳದಿ ಬಣ್ಣದ ಪ್ಯಾರಾ-ನೈಟ್ರೊಫೀನಾಲ್ ಕೊಡುತ್ತದೆ. ಫೀನಾಲ್‌ಗಳಿಗೆ ಟೈರೊಸಿನೇಸ್ ಎಂಬ ಕಿಣ್ವ ಇದೆ. ಈ ಬಗೆಯವು ಹೆಚ್ಚು ನಿರ್ದಿಷ್ಟ, ಮರುಬಳಕೆಗೂ ಬರುತ್ತವೆ. ಆದರೆ ಹೈಡ್ರೊಲೇಸ್ ಕಾರ್ಬಮೇಟನ್ನು ಹಿಡಿಯುವುದಿಲ್ಲ, ಸೂಕ್ಷ್ಮತೆಯೂ ಸಾಮಾನ್ಯವಾಗಿ ಕಡಿಮೆ. ಅಸಿಟೈಲ್‌ಕೋಲಿನ್‌ಎಸ್ಟರೇಸ್‌ನ ಒಂದು ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಕತ್ತರಿಸುತ್ತದೆ. ವಿಷದ ಒಂದೇ ಅಣು ಅದನ್ನು ನಿಲ್ಲಿಸಿದರೆ ಅಷ್ಟೂ ಕಡಿತ ನಿಂತುಹೋಗುತ್ತದೆ. ಈ ವರ್ಧನೆಯ ಆಸೆಗೇ ಜನ ಅಷ್ಟೆಲ್ಲ ತಲೆನೋವು ಸಹಿಸಿಕೊಳ್ಳುವುದು.

ಪ್ರಶ್ನೆ: ಪಟ್ಟಿಯ ಬದಲು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕೂರಿಸಿದ ಎಲೆಕ್ಟ್ರೋಡ್ ಬಳಸಿದರೆ, ಒಂದನ್ನೇ ತೊಳೆದು ಮತ್ತೆ ಬಳಸಬಹುದಾ?

ಉತ್ತರ: ಕಾರ್ಬಮೇಟ್ ಆದರೆ ಬಿಟ್ಟಷ್ಟು ಹೊತ್ತಿಗೆ ಕಿಣ್ವ ತಾನೇ ಚೇತರಿಸಿಕೊಳ್ಳುತ್ತದೆ. ಆರ್ಗನೋಫಾಸ್ಫೇಟ್ ಆದರೆ ಅಂಟಿದ ವಿಷವನ್ನು ಕಿಣ್ವದಿಂದ ಬಿಡಿಸುವ ಪ್ರಾಲಿಡಾಕ್ಸಿಮ್ ಬೇಕು, ಅದೂ ತಡಮಾಡಿದರೆ ಪ್ರಯೋಜನವಿಲ್ಲ. ನನ್ನ ಮಟ್ಟಿಗೆ, ಮುದ್ರಿತ ಎಲೆಕ್ಟ್ರೋಡ್ ಒಮ್ಮೆ ಬಳಸಿ ಎಸೆಯುವುದೇ ಲೇಸು. ಅರ್ಧ ಸತ್ತ ಕಿಣ್ವದ ಮೇಲೆ ಅಳೆದ ಎರಡನೇ ಮಾದರಿಯ ಲೆಕ್ಕ ಯಾರಿಗೆ ಬೇಕು?

ಪ್ರಶ್ನೆ (ಮೊದಲ ವಿದ್ಯಾರ್ಥಿ): ಮೇಡಂ, ಎಲೆಕ್ಟ್ರೋಡಿನಲ್ಲಿ ಮಾಡಿದರೆ ವರದಿಯಲ್ಲಿ ಲೀಟರಿಗೆ ಇಷ್ಟು ಮೈಕ್ರೊಗ್ರಾಂ ಕ್ಲೋರ್‌ಪೈರಿಫಾಸ್ ಅಂತ ಬರೆಯಬಹುದಾ?

ಉತ್ತರ: ಬೇಡ. ಪ್ರತಿಬಂಧ, ಅಂದರೆ ಕಿಣ್ವದ ಕೆಲಸ ಕುಗ್ಗಿದ್ದು, ಶೇಕಡ ಎಷ್ಟು ಎಂದು ಬರೆಯಿರಿ. ಶುದ್ಧ ಬಫರಿನಲ್ಲಿ 2.0 ಮೈಕ್ರೊಆಂಪಿಯರ್ ಇದ್ದ ವಿದ್ಯುತ್ ಮಾದರಿಯ ನಂತರ 1.4ಕ್ಕೆ ಇಳಿದರೆ ಅದು ಶೇ. 30. ಮಾದರಿಯಲ್ಲಿ ಎಷ್ಟು ನಿಮಿಷ ಅದ್ದಿಟ್ಟಿದ್ದಿರಿ ಎಂಬುದನ್ನೂ ನಮೂದಿಸಿ, ಯಾಕೆಂದರೆ ಆರ್ಗನೋಫಾಸ್ಫೇಟ್‌ನಲ್ಲಿ ಹೊತ್ತು ಹೆಚ್ಚಿದಂತೆ ಪ್ರತಿಬಂಧವೂ ಏರುತ್ತದೆ. 10 ನಿಮಿಷದ ಅಂಕಿಯನ್ನು 20 ನಿಮಿಷದ್ದರ ಪಕ್ಕ ಇಡಲಾಗದು. ಪ್ರಮಾಣ ಹೇಳಲೇಬೇಕಾದರೆ 'ಪ್ಯಾರಾಕ್ಸಾನ್‌ಗೆ (ಪ್ಯಾರಾಥಿಯಾನ್‌ನ ಆಕ್ಸಾನ್) ಸಮಾನ' ಎಂದು ಹೇಳುವ ಕ್ರಮವಿದೆ.

ಐರೋಪ್ಯ ಒಕ್ಕೂಟದಲ್ಲಿ ಕುಡಿಯುವ ನೀರಿನ ಮಿತಿ ಒಂದೊಂದು ಕೀಟನಾಶಕಕ್ಕೆ ಲೀಟರಿಗೆ 0.1 ಮೈಕ್ರೊಗ್ರಾಂ. ಆ ಮಟ್ಟದಲ್ಲಿ ಹೆಸರು ಹಿಡಿದು ಹೇಳಲು ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರೇ ಬೇಕು. ನೂರು ಮಾದರಿಯಲ್ಲಿ ಯಾವುದನ್ನು ಮೊದಲು ಅಲ್ಲಿಗೆ ಕಳಿಸಬೇಕು ಎಂದು ಆರಿಸಿಕೊಳ್ಳಲು ಕಿಣ್ವ ಸಾಕು.

ನೀಲಿ ಬಂದ ಮಾತ್ರಕ್ಕೆ 'ಕೀಟನಾಶಕರಹಿತ' ಎಂದೂ ಬರೆಯಬೇಡಿ. ಸೈಪರ್‌ಮೆಥ್ರಿನ್, ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ನರಕ್ಕೇ ಹೊಡೆದರೂ ಈ ಕಿಣ್ವದ ತಂಟೆಗೆ ಹೋಗುವುದಿಲ್ಲ. ಬಾವಿ ನೀರು ಇನ್ನೂ ಉಳಿದಿದ್ದರೆ ಬ್ರೋಮಿನ್ ಉಪಚಾರ ಮಾಡಿ ಒಂದು ಪಟ್ಟಿ, ಮಾಡದೆ ಒಂದು ಪಟ್ಟಿ ಅದ್ದಿ, ಎರಡರ ಫೋಟೊ ಇಲ್ಲಿ ಹಾಕಿ.