ವಸಡಿಗೆ ಜೆಲ್ ಚುಚ್ಚಿಸಿಕೊಂಡವರು ಯಾರಾದ್ರೂ ಇದ್ದೀರಾ?

ಕಿನ್ನಿಮೂಲ್ಕಿಯಿಂದ: ಅಮ್ಮನಿಗೆ 58. ಹಲ್ಲುಜ್ಜುವಾಗ ರಕ್ತ ಬರ್ತದೆ, ಕೆಳಗಿನ ಎರಡು ದವಡೆ ಹಲ್ಲು ಅಲ್ಲಾಡ್ತದೆ. ಶುಗರ್ ಉಂಟು. ವಸಡಿಗೆ ಜೆಲ್ ಚುಚ್ಚಿದ್ರೆ ಹಲ್ಲು ಹಿಡಿದಿಡುವ ಎಲುಬು ಮತ್ತೆ ಬೆಳೀತದೆ ಅಂತ ಯಾರೋ ವಿಡಿಯೊ ಕಳಿಸಿದ್ರು. ಹಲ್ಲು ಕೀಳಿಸುವುದು ತಪ್ತದಾ?

ಕಾಪುವಿನಿಂದ: ನಾನು ಹಾಕಿಸಿದ್ದೇನೆ ಮಾರಾಯ್ರೆ. ಆದ್ರೆ ಅದು ಆ್ಯಂಟಿಬಯಾಟಿಕ್ ಜೆಲ್, ಎಲುಬು ಬೆಳೆಸುವುದಲ್ಲ. ಮೊದಲು ವಸಡು ಮರಗಟ್ಟಿಸಿ, ಅದರಡಿ ಗಟ್ಟಿಯಾದ ಪಾಚಿಯನ್ನು ಕೆರೆದ್ರು, ನಾಲ್ಕು ಸಲ ಹೋಗ್ಬೇಕಾಯ್ತು. ಹಲ್ಲು–ವಸಡಿನ ಸಂದು 3 ಮಿಲಿಮೀಟರ್ ಒಳಗಿದ್ರೆ ಸರಿಯಂತೆ, ನನಗೆ ಎರಡು ಕಡೆ ಆಮೇಲೂ 6 ಇತ್ತು. ಅಲ್ಲಿಗೆ ಮಾತ್ರ ಮೊಂಡು ಸೂಜಿಯಲ್ಲಿ ಜೆಲ್ ತುಂಬಿಸಿದ್ರು. ನೋವಿಲ್ಲ. ಗಟ್ಟಿ ತಿನ್ಬೇಡಿ ಅಂದಿದ್ರು, ಮರುದಿನವೇ ಚಕ್ಕುಲಿ ಕಚ್ಚಿ ಬೈಸಿಕೊಂಡೆ. ಮೂರು ತಿಂಗಳಿಗೆ ಒಂದು ಕಡೆ 4ಕ್ಕೆ ಇಳಿಯಿತು. ಇನ್ನೊಂದು ಕಡೆ ಎಂಥದೂ ಆಗ್ಲಿಲ್ಲ, ಕಡೆಗೆ ಸರ್ಜರಿಯೇ.

ದೇರಳಕಟ್ಟೆಯಿಂದ: ವಸಡಿನ ವಿಭಾಗದಲ್ಲೇ ಪಿಜಿ ಮಾಡ್ತಿದ್ದೇನೆ. ಇಂಥ ವಿಡಿಯೊಗಳಲ್ಲಿ ಬರುವ ಜೆಲ್‌ಗಳು ಹೆಚ್ಚಿನವು ಇನ್ನೂ ಪ್ರಯೋಗಾಲಯದವು. ಉದಾಹರಣೆಗೆ ಕೈಟೋಸಾನ್. ಮಲ್ಪೆಯಲ್ಲಿ ರಾಶಿ ಬೀಳ್ತದಲ್ಲ ಎಟ್ಟಿ (ಸಿಗಡಿ) ಸಿಪ್ಪೆ, ಅದರಿಂದಲೇ ತೆಗೆಯುವುದು. ಅದಕ್ಕೆ ಗ್ಲಿಸರೋಫಾಸ್ಫೇಟ್ ಎಂಬ ಲವಣ ಸೇರಿಸಿದ್ರೆ ತಣ್ಣಗಿರುವಾಗ ನೀರು, 37 ಡಿಗ್ರಿ ಮೈಬಿಸಿಗೆ ಬಂದ್ರೆ ಮುದ್ದೆ. ಹಾಗಾಗಿ ಸೂಜಿಯಲ್ಲಿ ಇಳೀತದೆ, ಸಂದಿನ ಆಕಾರಕ್ಕೆ ಕೂತು ಔಷಧ ಮೆಲ್ಲ ಬಿಡ್ತದೆ. ಎಲುಬು ಬೆಳೆಸಲಿಕ್ಕೆ ಈಗಾಗಲೇ ಬಳಕೆಯಲ್ಲಿರುವುದು ಎಮ್ಡೊಗೇನ್, ಹಂದಿಮರಿಯ ಹಲ್ಲಿನ ಮೊಳಕೆಯಿಂದ ತೆಗೆದ ಪ್ರೋಟೀನಿನ ಜೆಲ್. ಮನೆಯಲ್ಲಿ ಅದಕ್ಕೆ ಅಡ್ಡಿಯಿದ್ರೆ ಮೊದಲೇ ಹೇಳಿ. ಅದನ್ನೂ ಹೆಚ್ಚಾಗಿ ವಸಡು ಬಿಡಿಸಿ, ಬೇರು ಶುದ್ಧ ಮಾಡಿಯೇ ಹಾಕುವುದು. ಎಲುಬು ಹಲ್ಲಿನ ಬದಿಯಲ್ಲಿ ಬಾವಿಯ ಹಾಗೆ ಕರಗಿದ್ರೆ ತುಂಬುವ ಆಸೆ ಉಂಟು. ಇಡೀ ಸಾಲು ಸಮನಾಗಿ ತಗ್ಗಿದ್ರೆ ಜೆಲ್ ನಿಲ್ಲಲಿಕ್ಕೆ ಗೋಡೆಯೇ ಇಲ್ಲ. ಎಕ್ಸ್‌ರೇ ತೋರಿಸಿ ಎಲುಬು ಯಾವ ರೀತಿ ಕರಗಿದೆ ಅಂತ ಕೇಳಿ, ಜೆಲ್ ಹೆಸರು ಆಮೇಲೆ.

ಸುರತ್ಕಲ್‌ನಿಂದ: ಶುಗರ್ ಬಿಟ್ಟು ಹಲ್ಲಿನ ಹಿಂದೆ ಹೋಗ್ಬೇಡಿ ಅಕ್ಕ. ನಮ್ಮ ಅತ್ತೆಗೆ ಮೂರು ತಿಂಗಳ ಶುಗರ್ ಸರಾಸರಿ (HbA1c) 9ರ ಮೇಲಿತ್ತು, ಡಾಕ್ಟ್ರು ಸರ್ಜರಿ ಮುಂದೂಡಿದ್ರು. ಶುಗರ್ ಏರಿದ್ರೆ ವಸಡು ಹಾಳು, ವಸಡು ಕೆಟ್ರೆ ಶುಗರ್ ಇಳಿಯಲಿಕ್ಕೆ ಕಷ್ಟ. ಅಮ್ಮ ಎಲೆಅಡಿಕೆಗೆ ಹೊಗೆಸೊಪ್ಪು ಹಾಕ್ತಾರಾ? ಅದನ್ನೂ ಡಾಕ್ಟ್ರಲ್ಲಿ ಮುಚ್ಚಿಡ್ಬೇಡಿ.

ಕಿನ್ನಿಮೂಲ್ಕಿಯಿಂದ: ಹಾಕ್ತಾರೆ, ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ! ಸೋಮವಾರ ಮಣಿಪಾಲದ ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋಗ್ತೇನೆ. ಸಿಪ್ಪೆಯ ಸಂಗತಿ ಓದಿ ಹೇಳಿದೆ. "ಹಾಗಾದ್ರೆ ಎಟ್ಟಿ ಸುಕ್ಕ ತಿಂದ್ರೆ ಸಾಲದಾ?" ಅಂತಾರೆ.