ಪದ ಬೇಕಿದೆ: ಆಟಗಾರನಿಗೆ ಬಹುಮಾನ, ಪಾತ್ರಕ್ಕೆ ಬಹುಮಾನ

ಮಾನ್ಯರೇ,

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ ಕತೆ ಕಟ್ಟುವ ಆಟವೊಂದರ ನಿಯಮ ಪುಸ್ತಿಕೆಯನ್ನು ಅನುವಾದಿಸುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಕೊಡಬೇಕು. ಇಂಥ ಆಟಗಳಲ್ಲಿ ಬಹುಮಾನ ಎರಡು ಬಗೆ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಬಂದಾಗ ಒಂದು ಚಿನ್ನದ ನಾಣ್ಯ ತಂದ ಪಾತ್ರಕ್ಕೆ ಒಂದು ಅನುಭವಾಂಕ (ಪಾತ್ರದ ಬೆಳವಣಿಗೆಯನ್ನು ಅಳೆಯುವ ಅಂಕ) ಸಿಗುತ್ತಿತ್ತು. ‘ಸ್ಯಾವೇಜ್ ವರ್ಲ್ಡ್ಸ್’ ಆಟದಲ್ಲಿ ಹಾಗಲ್ಲ, ಪ್ರತಿ ಆಟಗಾರನೂ ‘ಬೆನ್ನಿ’ ಎಂಬ ಮೂರು ಟೋಕನ್ನುಗಳೊಂದಿಗೆ ಆಟ ಶುರು ಮಾಡುತ್ತಾನೆ, ಚೆನ್ನಾಗಿ ಆಡಿದರೆ ಇನ್ನೊಂದು ಸಿಗುತ್ತದೆ. ಅದನ್ನು ತೆತ್ತು ದಾಳವನ್ನು ಮತ್ತೆ ಉರುಳಿಸಬಹುದು. ನಾನು ‘ಪಾತ್ರಕ್ಕೆ ಬಹುಮಾನ’, ‘ಆಟಗಾರನಿಗೆ ಬಹುಮಾನ’ ಎಂದು ಬರೆದಿದ್ದೇನೆ. ಸರಿಯೇ?

ಮರುಪತ್ರ 1

ಸರಿಯಲ್ಲ. ‘ದುರ್ಯೋಧನನ ಪಾತ್ರಕ್ಕೆ ಬಹುಮಾನ ಬಂತು’ ಎಂದರೆ ಅದನ್ನು ಮನೆಗೆ ಒಯ್ದವನು ನಟನೇ ಹೊರತು ದುರ್ಯೋಧನನಲ್ಲ. ‘ಕ್ಕೆ’, ‘ಗೆ’ ಎಂಬ ಚತುರ್ಥಿ ವಿಭಕ್ತಿ ಈ ಭೇದವನ್ನು ಹೊರಲಾರದು, ನಾಮಪದವೇ ಬೇರೆಯಾಗಬೇಕು. ತಾಳಮದ್ದಳೆಯನ್ನು ನೋಡಿ. ವೇಷವಿಲ್ಲದೆ, ಕುಳಿತಲ್ಲೇ ಮಾತಿನಿಂದ ಪಾತ್ರ ಕಟ್ಟುವ ಅರ್ಥಧಾರಿಗಿಂತ ನಿಮ್ಮ ಆಟಗಾರನಿಗೆ ಹತ್ತಿರದ ನೆಂಟ ಕನ್ನಡದಲ್ಲಿ ಇನ್ನೊಬ್ಬನಿಲ್ಲ. ಅಂಗರಾಜ್ಯ ಕರ್ಣನಿಗೆ, ಶಾಲು ಅರ್ಥಧಾರಿಗೆ. ಮೊದಲನೆಯದನ್ನು ‘ಗಳಿಕೆ’ ಎನ್ನಿ, ಎರಡನೆಯದನ್ನು ‘ಮೆಚ್ಚು’.

‘ಮೆಚ್ಚು’ ನನ್ನ ಸೃಷ್ಟಿಯಲ್ಲ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಗಂಗ ದೊರೆ ಬೂತುಗನು ತನ್ನ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಡಿಕೋ ಎಂದಾಗ, ಅವನು ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಮೆಚ್ಚಿದವನು ಕೊಡುವುದೇ ಮೆಚ್ಚು. ಇಷ್ಟು ಅಚ್ಚುಕಟ್ಟಾದ ಕನ್ನಡ ಪದವಿರುವಾಗ ‘ಬಹುಮಾನ’ ಯಾಕೆ ಬೇಕು?

ಮರುಪತ್ರ 2

ಶಾಸನ ಓದಿಕೊಂಡು ಯಾರೂ ಆಟಕ್ಕೆ ಕೂರುವುದಿಲ್ಲ. ಇಂದಿನ ಓದುಗನಿಗೆ ‘ಮೆಚ್ಚು’ ಕ್ರಿಯಾಪದ. ‘ಇನಾಮು’ ಎನ್ನಿ, ಹಳ್ಳಿಯಲ್ಲೂ ತಿಳಿಯುತ್ತದೆ.

ಮರುಪತ್ರ 1ರವರಿಂದ

ಇನಾಮು ಬೇಡ. ಅರಬ್ಬಿಯಿಂದ ಫಾರಸಿಯ ಮೂಲಕ ಬಂತೆಂಬುದು ನನ್ನ ತಕರಾರಲ್ಲ, ಬಂದದ್ದು ಬರಲಿ. ಆದರೆ ನಮ್ಮಲ್ಲಿ ಇನಾಮು ಎಂದರೆ ಮೊದಲು ನೆನಪಾಗುವುದು ಜಮೀನು. ಅದನ್ನು ರದ್ದು ಮಾಡಲು 1954ರಲ್ಲಿ ಮೈಸೂರು ಸರ್ಕಾರ ಕಾಯಿದೆಯನ್ನೇ ತಂದಿತು. ಅಷ್ಟು ಭಾರದ ಪದವನ್ನು ದಾಳ ಮತ್ತೆ ಉರುಳಿಸುವ ಹಕ್ಕಿಗೆ ಹೊರಿಸಬೇಡಿ.

ಮರುಪತ್ರ 2ರವರಿಂದ

ಬಂದದ್ದು ಬರಲಿ ಎನ್ನುವವರು ಸಂಸ್ಕೃತದ ‘ಬಹುಮಾನ’ವನ್ನು ಹೊರಗಟ್ಟುತ್ತೀರಿ. ‘ಪಾತ್ರ’, ‘ಅನುಭವ’, ‘ಅಂಕ’ ಎಲ್ಲವೂ ಸಂಸ್ಕೃತವೇ, ಅವುಗಳ ಗತಿಯೇನು? ಒಂದು ಬಾಗಿಲಿಗೆ ಒಂದು ನ್ಯಾಯ ಬೇಡ. ಊರಿನ ಬಾಯಲ್ಲಿ ನಿಂತದ್ದು ಕನ್ನಡ, ಅಷ್ಟೇ.

ಮರುಪತ್ರ 3

ಇಬ್ಬರೂ ಎಣಿಕೆಯನ್ನು ಮರೆತಿದ್ದೀರಿ. ಬೆನ್ನಿ ಎಣಿಸುವ ವಸ್ತು. ‘ನನ್ನಲ್ಲಿ ಮೂರು ಮೆಚ್ಚು ಉಳಿದಿವೆ’ ಎಂಬ ವಾಕ್ಯ ಕಿವಿಗೆ ಒಗ್ಗುವುದಿಲ್ಲ. ‘ಮೆಚ್ಚುಬಿಲ್ಲೆ’ ಎಂದರೆ ಕೈಗೂ ಸಿಗುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಬಿಲ್ಲೆ ಏನೆಂದು ವಿವರಿಸಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಪಾತ್ರದ ಕಡೆಗೆ ‘ಗಳಿಕೆ’, ಆಟಗಾರನ ಕಡೆಗೆ ‘ಮೆಚ್ಚುಬಿಲ್ಲೆ’ ಎಂದು ತಿದ್ದಿದ್ದೇನೆ. ‘ಅನುಭವಾಂಕ’ ಹಾಗೆಯೇ ಇರುತ್ತದೆ, ಅದರ ಮೇಲೆ ಜಗಳಕ್ಕೆ ನನಗೆ ಸಮಯವಿಲ್ಲ. ಒಂದು ತೊಡಕು ಮಾತ್ರ ಉಳಿದಿದೆ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ನ 2014ರ ಆವೃತ್ತಿಯಲ್ಲಿ ‘ಇನ್‌ಸ್ಪಿರೇಷನ್’ ಎಂಬ ಬಹುಮಾನವಿದೆ. ಪಾತ್ರದ ಸ್ವಭಾವಕ್ಕೆ ತಕ್ಕಂತೆ ಆಡಿದರೆ ಸಿಗುತ್ತದೆ, ಒಮ್ಮೆಗೆ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು. ಆದರೆ ಪಕ್ಕದಲ್ಲಿ ಕುಳಿತವರು ಚೆನ್ನಾಗಿ ಆಡಿದರೆಂದು ಅವರಿಗೆ ದಾಟಿಸಲೂಬಹುದು. ಹೀಗೆ ಮೆಚ್ಚಿ ಕೊಡುವಂಥದ್ದಾದ್ದರಿಂದ ಅದನ್ನೂ ಆಟಗಾರನ ಕಡೆಗೇ ಸೇರಿಸಿ, ಬಿಲ್ಲೆಯಿಲ್ಲದೆ ಬರಿಯ ‘ಮೆಚ್ಚು’ ಎಂದು ಬರೆಯುತ್ತಿದ್ದೇನೆ. ಆಕ್ಷೇಪವಿದ್ದರೆ ಗುರುವಾರ ಸಂಜೆಯೊಳಗೆ ತಿಳಿಸಿ.